ಈ ಪುಸ್ತಕಗಳು ಯಾರವು?

ನಮ್ಮ ಮನೆಯ ದಿವಾನದ ಕೆಳಗೆ ಐದು ಗೋಣಿಚೀಲಗಳಿವೆ. ಮನೆಗೆ ಬಂದವರು ಅಕ್ಕಿ ಎಂದುಕೊಳ್ಳುತ್ತಾರೆ. ಒಳಗಿರುವುದು ಪುಸ್ತಕ. ಇಂಥ ಇನ್ನೂ ಹದಿಮೂರು ಚೀಲಗಳು ನಮ್ಮ ಮೊಹಲ್ಲಾದ ಬೇರೆ ನಾಲ್ಕು ಮನೆಗಳಲ್ಲಿವೆ. ಒಟ್ಟು 1,140 ಪುಸ್ತಕ. ಕಳೆದ ಮಾರ್ಚಿನವರೆಗೆ ಇವೆಲ್ಲ ಒಂದೇ ಕೋಣೆಯಲ್ಲಿದ್ದವು. ಆ ಕೋಣೆಯನ್ನು ನಾವು ಲೈಬ್ರರಿ ಎನ್ನುತ್ತಿದ್ದೆವು.

ಕೊರೊನಾ ಕಳೆದ ಮೇಲೆ ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ಮನೆಯ ಮುಂದಿನ ಅಂಗಡಿ ಕೋಣೆಯನ್ನು ಮಕ್ಕಳು ಕೂತು ಓದಲಿ ಎಂದು ಬಿಟ್ಟುಕೊಟ್ಟಿದ್ದರು. ನಾವೆಲ್ಲ ಅವರನ್ನು ಹಾಜಿ ಸಾಬ್ ಎಂದು ಕರೆಯುತ್ತಿದ್ದೆವು. ಬಾಡಿಗೆ ಇಲ್ಲ, ಕರಾರು ಇಲ್ಲ. ಒಂದು ಕೀಲಿಕೈಯನ್ನು ದಾರಕ್ಕೆ ಕಟ್ಟಿ ಕೊಟ್ಟರು, ಅಷ್ಟೇ. ಡಿಗ್ರಿ ಓದುವ ಮೂವರು ಅಣ್ಣಂದಿರು, ಒಬ್ಬ ಟೈಲರ್ ಚಾಚಾ, ಒಬ್ಬ ಅಂಗನವಾಡಿ ಟೀಚರ್, ನನ್ನ ಗೆಳತಿ ಮತ್ತು ನಾನು ಸರದಿಯಂತೆ ಸಂಜೆ 5ರಿಂದ 7ರವರೆಗೆ ಶಟರ್ ತೆಗೆದು ಕೂರುತ್ತಿದ್ದೆವು. ಮನೆಮನೆಗೆ ಹೋಗಿ ಹಳೆಯ ಪುಸ್ತಕ ಕೇಳಿ ತಂದೆವು. 612 ಕನ್ನಡ, 318 ಉರ್ದು, ಉಳಿದವು ಇಂಗ್ಲಿಷ್ ಮತ್ತು ಪರೀಕ್ಷೆಯ ಗೈಡುಗಳು. ಮನೆಯಲ್ಲಿ ಉರ್ದು ಮಾತ್ರ ಆಡುವ ನಮ್ಮಂಥ ಎಷ್ಟೋ ಮಕ್ಕಳು ಪಠ್ಯಪುಸ್ತಕದ ಹೊರಗಿನ ಮೊದಲ ಕನ್ನಡ ಕಥೆಯನ್ನು ಓದಿದ್ದು ಅಲ್ಲೇ.

ಹಾಜಿ ಸಾಬ್ ತೀರಿಕೊಂಡರು. ಚಾಲೀಸ್ವಾಂ ಮುಗಿದ ಮೇಲೆ ಅವರ ಮಕ್ಕಳು ಬಂದು ಕೋಣೆ ಬೇಕು ಎಂದರು. ಅವರು ಕೆಟ್ಟವರಲ್ಲ. ಆಸ್ತಿ ಪಾಲಾಗಬೇಕಿತ್ತು, ಕೋಣೆಗೆ ಬಾಡಿಗೆ ಬರುತ್ತಿತ್ತು. ಸಮಾಧಾನದಿಂದಲೇ ಮೂರು ಪ್ರಶ್ನೆ ಕೇಳಿದರು. ಕೋಣೆಯನ್ನು ಅಬ್ಬಾ ನಿಮಗೆ ಬರೆದುಕೊಟ್ಟಿದ್ದರಾ? ಈ ಕಬ್ಬಿಣದ ಬೀರು ಯಾರ ದುಡ್ಡಿನದು? ಈ ಪುಸ್ತಕಗಳು ಯಾರವು?

ಏಳು ಜನ ಮುಖ ಮುಖ ನೋಡಿಕೊಂಡೆವು. ಬೀರುವಿಗೆ ಹಾಜಿ ಸಾಬ್ ಒಂದಷ್ಟು ಕೊಟ್ಟಿದ್ದರು, ಮಿಕ್ಕಿದ್ದನ್ನು ಬೀದಿಯವರು ಕೂಡಿಸಿದ್ದರು. ರಸೀದಿ ಇರಲಿಲ್ಲ. ಪುಸ್ತಕಗಳ ಪಟ್ಟಿಗೆ ನಮ್ಮಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಅದರಲ್ಲಿ ಕ್ರಮಸಂಖ್ಯೆ, ಪುಸ್ತಕದ ಹೆಸರು, ಲೇಖಕರ ಹೆಸರು ಇದ್ದವು. ಕೊಟ್ಟವರ ಹೆಸರಿಗೆ ಅಂಕಣವೇ ಇರಲಿಲ್ಲ. ಲೆಕ್ಕಶಾಸ್ತ್ರದ ತರಗತಿಯಲ್ಲಿ ಪ್ರತಿ ಡೆಬಿಟ್‌ಗೂ ಒಂದು ಕ್ರೆಡಿಟ್ ಇರಬೇಕು ಎಂದು ಕಲಿತ ನಾನೇ ಆ ನೋಟ್‌ಬುಕ್ಕಿಗೆ ಗೆರೆ ಹಾಕಿದವಳು. ಬಂದದ್ದನ್ನು ಬರೆದುಕೊಂಡೆ, ಎಲ್ಲಿಂದ ಬಂತೆಂದು ಬರೆಯಲಿಲ್ಲ.

ಬೀರು ಅಲ್ಲೇ ಉಳಿಯಿತು. ಪುಸ್ತಕ ಚೀಲ ಸೇರಿತು.

ನಮ್ಮ ಮನೆಯಲ್ಲಿ ಅಮ್ಮಿ ಆ ಚೀಲಗಳನ್ನು ತೋರಿಸಿ "ಇದು ಅಮಾನತ್, ಯಾರೂ ಮುಟ್ಟಬೇಡಿ" ಎನ್ನುತ್ತಾರೆ. ಅಮಾನತ್ ಎಂದರೆ ಇನ್ನೊಬ್ಬರು ನಂಬಿ ನಮ್ಮ ಕೈಗಿಟ್ಟ ವಸ್ತು. ಕನ್ನಡ ಪತ್ರಿಕೆ ಬಿಡಿಸಿದರೆ ಅದೇ ಪದ ಬೇರೆ ಅರ್ಥದಲ್ಲಿ ಕಾಣುತ್ತದೆ: ಅಧಿಕಾರಿ ಅಮಾನತು, ನೌಕರ ಅಮಾನತು. ನಮ್ಮ ಲೈಬ್ರರಿಗೆ ಈಗ ಎರಡೂ ಅರ್ಥ ಹೊಂದುತ್ತದೆ. ಅಮಾನತ್ತನ್ನು ಬರೆದಿಡದ ಕಾರಣಕ್ಕೆ ಅದು ಅಮಾನತಾಗಿದೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಲೈಬ್ರರಿಗಾಗಿ ಸ್ವಂತ ಸಮಯ ಕೊಡುವ ನಾವು, ಸ್ವಯಂಸೇವಕರು, ಕಾನೂನು ಎಂದರೆ ತಪ್ಪು ಮಾಡಿದವರಿಗೆ ಮಾತ್ರ ಎಂದು ತಿಳಿದಿದ್ದೇವೆ. ಮನಸ್ಸು ಶುದ್ಧವಾಗಿದ್ದರೆ ಕಾಗದ ಯಾಕೆ ಎನ್ನುತ್ತೇವೆ. ಆದರೆ ಒಳ್ಳೆಯ ಕೆಲಸ ಮಾಡಿದವರು ತೀರಿಕೊಂಡ ಮೇಲೂ ಆ ಕೆಲಸ ಉಳಿಯಬೇಕಾದರೆ ಕಾಗದ ಬೇಕು. ಆ ಕಾಗದ ನಾವು ಹೆದರುವಷ್ಟು ದೊಡ್ಡದಲ್ಲ.

ಇದು ನಮ್ಮ ಬೀದಿಯ ಕಥೆ ಮಾತ್ರ ಅಲ್ಲ. ಮೈಸೂರಿನ ರಾಜೀವ್‌ನಗರದಲ್ಲಿ ಸಯ್ಯದ್ ಇಸಾಕ್ ಎಂಬ ಕೂಲಿ ಕಾರ್ಮಿಕರು ತಮ್ಮ ದುಡಿಮೆಯ ಹಣದಲ್ಲಿ 2011ರಿಂದ ಒಂದು ಸಾರ್ವಜನಿಕ ಗ್ರಂಥಾಲಯ ನಡೆಸುತ್ತಿದ್ದರು. ಶಾಲೆಯಲ್ಲಿ ಓದುವ ಅವಕಾಶ ಅವರಿಗೇ ಸಿಕ್ಕಿರಲಿಲ್ಲ. ಸುತ್ತಲಿನವರು ಕನ್ನಡ ಓದಲಿ ಎಂಬುದು ಅವರ ಆಸೆ. ಅಲ್ಲಿ ಸುಮಾರು 11,000 ಪುಸ್ತಕಗಳಿದ್ದವು, ಹೆಚ್ಚಿನವು ಕನ್ನಡದವು; ಕುರ್‌ಆನ್, ಭಗವದ್ಗೀತೆ, ಬೈಬಲ್ ಒಟ್ಟಿಗೇ ಇದ್ದವು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಬೆಂಕಿಗೆ ಆಹುತಿಯಾಯಿತು. ಸುದ್ದಿ ಹರಡುತ್ತಿದ್ದಂತೆ ಎಲ್ಲೆಲ್ಲಿಂದಲೋ ಜನ ಪುಸ್ತಕ ಕಳಿಸಿದರು. ಆನ್‌ಲೈನ್ ಮೂಲಕ ಕೆಲವೇ ದಿನಗಳಲ್ಲಿ 20 ಲಕ್ಷ ರೂಪಾಯಿಗೂ ಹೆಚ್ಚು ಹಣ ಕೂಡಿತು. ಸರ್ಕಾರದ ಕಡೆಯಿಂದಲೂ ಕಟ್ಟಿಕೊಡುವ ಭರವಸೆ ಬಂತು.

ಆ ಸುದ್ದಿಯನ್ನು ಆಗ ಓದಿದ್ದಾಗ ಅಬ್ಬಾ ಕಣ್ಣೊರೆಸಿಕೊಂಡಿದ್ದರು. ಈಗ ಕಾಮರ್ಸ್ ವಿದ್ಯಾರ್ಥಿನಿಯಾಗಿ ಓದಿದರೆ ನನಗೆ ಬೇರೆ ಪ್ರಶ್ನೆಗಳು ಏಳುತ್ತವೆ. ಗ್ರಂಥಾಲಯವಿದ್ದ ಜಾಗ ಅವರ ಸ್ವಂತದ್ದಲ್ಲ. ಹಾಗಾದರೆ ಅಲ್ಲಿ ಹೊಸ ಕಟ್ಟಡ ಏಳಬೇಕೆಂದರೆ ಅದು ಯಾರದಾಗಬೇಕು? ಜನ ಕೊಡುವ ಹಣ ಒಬ್ಬ ವ್ಯಕ್ತಿಯ ಹೆಸರಿಗೆ ಹೋಗಬೇಕೋ, ಒಂದು ಸಂಸ್ಥೆಯ ಹೆಸರಿಗೋ? ಸರ್ಕಾರ ಕಟ್ಟಿಕೊಟ್ಟರೆ ಹತ್ತು ವರ್ಷ ಅದನ್ನು ನಡೆಸಿದವರ ಸ್ಥಾನವೇನು? ಇಂಥ ಪ್ರಶ್ನೆಗಳಿಗೆ ಉತ್ತರ ಬೆಂಕಿ ಬೀಳುವ ಮೊದಲೇ ಸಿದ್ಧವಿರಬೇಕು. ಎಲ್ಲರೂ ಅಳುತ್ತಿರುವಾಗ ಕಾಗದ ಹುಡುಕಲು ಆಗುವುದಿಲ್ಲ.

ನಮ್ಮ ಏಳು ಜನರ ಅನುಭವದಿಂದ ನಾನು ಮೂರು ವಿಷಯ ಹೇಳುತ್ತೇನೆ: ಒಡೆತನ, ನಕಲು, ಓದುಗರ ಗುಟ್ಟು. ಮೂರರಲ್ಲೂ ನಾವು ತಪ್ಪಿದ್ದೇವೆ.

ಮೊದಲನೆಯದು ಒಡೆತನ. ಸ್ನೇಹಿತರ ಗುಂಪು ಎಷ್ಟೇ ದೊಡ್ಡದಿರಲಿ, ಕಾನೂನಿನ ಕಣ್ಣಿಗೆ ಅದು ಒಂದು ಸಂಸ್ಥೆ ಅಲ್ಲ. ಅದರ ಹೆಸರಿನಲ್ಲಿ ಪುಸ್ತಕ ಇರಲಾರದು, ಬೀರು ಇರಲಾರದು. ಪರಿಹಾರ ನಮ್ಮ ರಾಜ್ಯದಲ್ಲೇ ಇದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಅದಕ್ಕೊಂದು ಉದ್ದೇಶಪತ್ರ, ಒಂದು ನಿಯಮಾವಳಿ. ಆಮೇಲೆ ಪುಸ್ತಕ ಸಂಘದ್ದು, ಹಣ ಸಂಘದ್ದು, ಬ್ಯಾಂಕ್ ಖಾತೆ ಸಂಘದ್ದು. ಒಬ್ಬರು ಊರು ಬಿಟ್ಟರೂ, ತೀರಿಕೊಂಡರೂ ಸಂಘ ಉಳಿಯುತ್ತದೆ. ಲಾಭದ ಉದ್ದೇಶವಿಲ್ಲದ ಸಂಸ್ಥೆಗಳ ಲೆಕ್ಕ ಹೇಗಿಡಬೇಕೆಂದು ನಾವು ಕಾಮರ್ಸ್‌ನವರು ಕಲಿಯುತ್ತೇವಲ್ಲ, ಸ್ವೀಕೃತಿ ಮತ್ತು ಪಾವತಿ ಖಾತೆ, ದೇಣಿಗೆ, ಬಂಡವಾಳ ನಿಧಿ ಎಂದೆಲ್ಲ ಉರು ಹೊಡೆಯುತ್ತೇವಲ್ಲ, ಅದು ಇಂಥ ಸಂಘಗಳಿಗಾಗಿಯೇ. ಐದು ಅಂಕದ ಆ ಪ್ರಶ್ನೆ ನಮ್ಮ ಬೀದಿಯಲ್ಲೇ ಇತ್ತು. ಅದು ನಮಗೆ ಹೊಳೆಯಲಿಲ್ಲ.

ಏಳು ಜನ ನಾವಿದ್ದೆವಲ್ಲ ಎಂದು ಕೇಳಬಹುದು. ಇದ್ದೆವು, ಆದರೆ ನನಗೂ ನನ್ನ ಗೆಳತಿಗೂ ಹದಿನೇಳು. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರಿಗೆ ಕರಾರು ಮಾಡುವ ಸಾಮರ್ಥ್ಯವಿಲ್ಲ. ಮೊಹೋರಿ ಬೀಬಿ ಪ್ರಕರಣದಲ್ಲಿ 1903ರಲ್ಲಿ ಪ್ರಿವಿ ಕೌನ್ಸಿಲ್ ಅಪ್ರಾಪ್ತರ ಕರಾರು ಆರಂಭದಿಂದಲೇ ಶೂನ್ಯ ಎಂದು ಹೇಳಿತು. ಹೀಗಾಗಿ ನಾನು ಪುಸ್ತಕ ಜೋಡಿಸಬಹುದು, ನೋಂದಣಿ ಪುಸ್ತಕ ಬರೆಯಬಹುದು, ಮಕ್ಕಳಿಗೆ ಕಥೆ ಓದಬಹುದು. ಕೋಣೆಯ ಕರಾರಿಗೆ ನಾನು ಹಾಕುವ ಸಹಿಗೆ ಮಾತ್ರ ಬೆಲೆಯಿಲ್ಲ. ನಮ್ಮ ವಯಸ್ಸಿನ ಸ್ವಯಂಸೇವಕರು ಇರುವ ಕಡೆಯಲ್ಲೆಲ್ಲ ಸಹಿ ಹಾಕುವ ದೊಡ್ಡವರು ಯಾರು ಎಂದು ಮೊದಲ ದಿನವೇ ಕೇಳಬೇಕು.

ಕೋಣೆಗೆ ಒಂದು ಪುಟದ ಪತ್ರ ಸಾಕಾಗಿತ್ತು: ಇಷ್ಟು ವರ್ಷ ಬಳಸಬಹುದು, ಬಿಡಿಸಬೇಕಾದರೆ ಇಷ್ಟು ತಿಂಗಳು ಮೊದಲು ತಿಳಿಸಬೇಕು ಎಂದು. ಅಂಥ ಪತ್ರವಿದ್ದರೂ ಹಾಜಿ ಸಾಬರ ಮಕ್ಕಳು ಕೋಣೆ ಕೇಳುತ್ತಿದ್ದರೇನೋ. ಆದರೆ ನಮಗೆ ಬೇರೆ ಜಾಗ ಹುಡುಕಲು ಸಮಯ ಸಿಗುತ್ತಿತ್ತು. ಪುಸ್ತಕಗಳು ಮಳೆಗಾಲದಲ್ಲಿ ಗೋಣಿಚೀಲದೊಳಗೆ ಮುಗ್ಗಲು ಹಿಡಿಯುತ್ತಿರಲಿಲ್ಲ.

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಇದು ಹೊಸ ವಿಚಾರವಲ್ಲ. ವಕ್ಫ್ ಎಂಬ ಪದ ಕೇಳಿದರೆ ಮಸೀದಿ, ಜಮೀನು, ಕಬರಸ್ತಾನ್ ನೆನಪಾಗುತ್ತದೆ. 1995ರ ವಕ್ಫ್ ಕಾಯ್ದೆಯ ವ್ಯಾಖ್ಯೆಯಲ್ಲಿ ಸ್ಥಿರ ಸ್ವತ್ತಿನ ಜೊತೆಗೆ ಚರ ಸ್ವತ್ತೂ ಇದೆ. ಹಳೆಯ ಮದರಸಾಗಳ ಪುಸ್ತಕಗಳ ಮೊದಲ ಪುಟದಲ್ಲಿ ವಕ್ಫ್ ಎಂಬ ಮೊಹರು ಇರುತ್ತದೆ. ನಮ್ಮ ಚೀಲದಲ್ಲೂ ಅಂಥ ಎರಡು ಉರ್ದು ಪುಸ್ತಕಗಳಿವೆ. 1,140 ಪುಸ್ತಕಗಳಲ್ಲಿ ತಾನು ಯಾರಿಗಾಗಿ ಇದ್ದೇನೆ ಎಂದು ಹೇಳುವುದು ಆ ಎರಡೇ. ಇನ್ನೊಂದು ಮಾತು: ಕುರ್‌ಆನಿನ ಅತಿ ದೀರ್ಘ ಆಯತ್ ಸೂರಃ ಅಲ್ ಬಕರಾದಲ್ಲಿದೆ. ಅದರ ವಿಷಯ ನಮಾಝ್ ಅಲ್ಲ, ರೋಝಾ ಅಲ್ಲ. ಸಾಲದ ವ್ಯವಹಾರವನ್ನು ಸಾಕ್ಷಿ ಇಟ್ಟು ಬರೆದಿಡಬೇಕು ಎಂಬುದು. ನಂಬಿಕೆ ಇದ್ದರೆ ಬರೆಯುವುದೇಕೆ ಎಂದು ಕೇಳುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ. ಬರೆದಿಟ್ಟರೆ ನಂಬಿಕೆಗೆ ಅವಮಾನವಾಗುವುದಿಲ್ಲ.

ಎರಡನೆಯದು ನಕಲು. ಇಲ್ಲಿ ತಪ್ಪು ಪೂರ್ತಿ ನನ್ನದೇ. ಕಳೆದ ವರ್ಷ ಪರೀಕ್ಷೆಗೆ ಮೊದಲು ವ್ಯವಹಾರ ಅಧ್ಯಯನದ ಒಂದು ಗೈಡಿಗೆ ನಮ್ಮ ಲೈಬ್ರರಿಯಲ್ಲಿ ಬಹಳ ಬೇಡಿಕೆ ಇತ್ತು. ಇದ್ದದ್ದು ಒಂದೇ ಪ್ರತಿ. ನಾನು ಎರಡು ರಾತ್ರಿ ಕೂತು ಮೊಬೈಲಿನಲ್ಲಿ ಇಡೀ ಗೈಡನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದೆ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ನೂರಾರು ಹೃದಯದ ಚಿಹ್ನೆಗಳು ಬಂದವು. ಒಂದು ವಾರದ ನಂತರ ಬೀದಿಯ ತುದಿಯ ಪುಸ್ತಕದಂಗಡಿಯ ಅಂಕಲ್ ನನ್ನನ್ನು ತಡೆದು ನಿಲ್ಲಿಸಿದರು. ನಮ್ಮ ಲೈಬ್ರರಿಗೆ ನಲವತ್ತು ಪುಸ್ತಕ ಪುಕ್ಕಟೆ ಕೊಟ್ಟವರು ಅವರು. "ಏನಮ್ಮಾ, ನಿಮ್ಮ ಲೈಬ್ರರಿ ತೆರೆಯೋದಕ್ಕೆ ನನ್ನ ಅಂಗಡಿ ಮುಚ್ಚಬೇಕಾ?" ಎಂದರು. ತಂದಿಟ್ಟ ಮೂವತ್ತು ಗೈಡುಗಳಲ್ಲಿ ಅವರಿಗೆ ಮಾರಾಟವಾದದ್ದು ನಾಲ್ಕು.

ಆಮೇಲೆ ನಾನು 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಏನಿದೆ ಎಂದು ಓದಿದೆ. ಹೆದರಿಕೊಂಡೇ ಓದಲು ಕೂತೆ. ಕಾಯ್ದೆ ನಾನು ಅಂದುಕೊಂಡಷ್ಟು ನಿಷ್ಠುರವಾಗಿಲ್ಲ. ಕೊಂಡ ಅಥವಾ ದಾನವಾಗಿ ಬಂದ ಪುಸ್ತಕವನ್ನು ಓದಲು ಎರವಲು ಕೊಡುವುದಕ್ಕೆ ಯಾರ ಅನುಮತಿಯೂ ಬೇಡ. ಕಾಯ್ದೆಯ 52ನೇ ಸೆಕ್ಷನ್ ಯಾವುದು ಉಲ್ಲಂಘನೆ ಅಲ್ಲ ಎಂದು ಉದ್ದ ಪಟ್ಟಿ ಕೊಡುತ್ತದೆ. ಭಾರತದಲ್ಲಿ ಮಾರಾಟಕ್ಕೇ ಸಿಗದ ಪುಸ್ತಕವಾದರೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಗಳವರೆಗೆ ಮಾಡಿಕೊಳ್ಳಬಹುದು. ತನ್ನ ಬಳಿ ಮುದ್ರಿತ ಪ್ರತಿ ಇದ್ದರೆ, ಅದು ಹಾಳಾಗದಂತೆ ಕಾಪಾಡಲು ಡಿಜಿಟಲ್ ಪ್ರತಿ ಇಟ್ಟುಕೊಳ್ಳಬಹುದು. ಈ ಅವಕಾಶ 2012ರ ತಿದ್ದುಪಡಿಯಲ್ಲಿ ಬಂದದ್ದು. ಕಣ್ಣು ಕಾಣದ ವಿದ್ಯಾರ್ಥಿಗೆಂದು ಒಂದು ಪುಸ್ತಕವನ್ನು ಗಟ್ಟಿಯಾಗಿ ಓದಿ ಧ್ವನಿಮುದ್ರಣ ಮಾಡಿಕೊಡುವುದಕ್ಕೂ ಅದೇ ಸೆಕ್ಷನ್ನಿನಲ್ಲಿ ಜಾಗವಿದೆ. ಸ್ವಯಂಸೇವಕರು ಮಾಡಬಹುದಾದ ಎಷ್ಟು ಒಳ್ಳೆಯ ಕೆಲಸ ಅದು! ಗೊತ್ತಿಲ್ಲದ ಕಾರಣಕ್ಕೆ ನಾವು ಅದನ್ನು ಮಾಡಲಿಲ್ಲ. ಗೊತ್ತಿಲ್ಲದ ಕಾರಣಕ್ಕೆ ಮಾಡಬಾರದ್ದನ್ನು ಮಾಡಿದೆವು. ಅಂಗಡಿಯಲ್ಲಿ ಸಿಗುವ ಗೈಡಿನ ಪೂರ್ತಿ ಪಿಡಿಎಫ್ ಹಂಚಲು ಆ ಪಟ್ಟಿಯಲ್ಲಿ ಎಲ್ಲೂ ಅವಕಾಶವಿಲ್ಲ.

ಹಾಗಾದರೆ ಮೇಷ್ಟ್ರು ತರಗತಿಗೆ ಝೆರಾಕ್ಸ್ ಕೊಡುವುದು ತಪ್ಪೇ ಎಂದು ನನ್ನ ಗೆಳತಿ ಕೇಳಿದಳು. ಈ ಪ್ರಶ್ನೆ ದೆಹಲಿ ಹೈಕೋರ್ಟಿಗೇ ಹೋಗಿತ್ತು. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ರಾಮೇಶ್ವರಿ ಝೆರಾಕ್ಸ್ ಅಂಗಡಿ ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಬೇರೆ ಬೇರೆ ಪುಸ್ತಕಗಳಿಂದ ತೆಗೆದು ಕಟ್ಟು ಮಾಡಿ ಕೊಡುತ್ತಿತ್ತು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನಗಳು 2012ರಲ್ಲಿ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದಾವೆ ಹೂಡಿದವು. 2016ರ ಸೆಪ್ಟೆಂಬರ್ 16ರಂದು ಹೈಕೋರ್ಟ್ ದಾವೆಯನ್ನು ವಜಾ ಮಾಡಿತು. ಅದೇ ಡಿಸೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ, ಪಾಠದ ಭಾಗವಾಗಿ, ಪಾಠಕ್ಕೆ ಎಷ್ಟು ಅಗತ್ಯವೋ ಅಷ್ಟನ್ನು ನಕಲು ಮಾಡಬಹುದು ಎಂದಿತು. 2017ರಲ್ಲಿ ಪ್ರಕಾಶಕರು ದಾವೆಯನ್ನೇ ಹಿಂದಕ್ಕೆ ಪಡೆದರು. ನಮ್ಮಂಥ ವಿದ್ಯಾರ್ಥಿಗಳಿಗೆ ದೊಡ್ಡ ಗೆಲುವು ಅದು. ಆದರೆ ಅಗತ್ಯ ಎಂಬ ಪದವನ್ನು ಮರೆಯಬಾರದು. ನನ್ನ ಪಿಡಿಎಫ್‌ಗೆ ಆ ಗೆಲುವಿನಲ್ಲಿ ಪಾಲಿಲ್ಲ.

ಹಕ್ಕು ಎಂದೆಂದಿಗೂ ಇರುವುದೂ ಇಲ್ಲ. ಲೇಖಕರು ತೀರಿಕೊಂಡ ವರ್ಷದ ಮರುವರ್ಷದಿಂದ ಎಣಿಸಿ ಅರವತ್ತು ವರ್ಷ. 1938ರಲ್ಲಿ ತೀರಿಕೊಂಡ ಇಕ್ಬಾಲ್, 1946ರಲ್ಲಿ ತೀರಿಕೊಂಡ ಕೈಲಾಸಂ ಇವರ ಕೃತಿಗಳನ್ನು ಈಗ ಯಾರು ಬೇಕಾದರೂ ಮುದ್ರಿಸಬಹುದು, ಸ್ಕ್ಯಾನ್ ಮಾಡಬಹುದು. 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕೃತಿಗಳ ಹಕ್ಕು 2054ರ ಕೊನೆಯವರೆಗೆ ಇರುತ್ತದೆ. 2023ರಲ್ಲಿ ನಮ್ಮನ್ನಗಲಿದ ಸಾರಾ ಅಬೂಬಕ್ಕರ್ ಅವರದು 2083ರವರೆಗೆ. ಈ ಲೆಕ್ಕ ಹಾಕಲು ವಕೀಲರು ಬೇಡ. ಲೇಖಕರು ತೀರಿಕೊಂಡ ಇಸವಿ ಗೊತ್ತಿದ್ದರೆ ಸಾಕು.

ಮೂರನೆಯದು ಓದುಗರ ಗುಟ್ಟು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ನಮ್ಮ ಲೈಬ್ರರಿಯಲ್ಲಿ ಪುಸ್ತಕ ತೆಗೆದುಕೊಂಡವರ ಹೆಸರು, ಫೋನ್ ನಂಬರ್, ಪುಸ್ತಕದ ಹೆಸರು ಬರೆಯುವ ಇನ್ನೊಂದು ನೋಟ್‌ಬುಕ್ ಮೇಜಿನ ಮೇಲೇ ತೆರೆದಿರುತ್ತಿತ್ತು. ಒಂದು ದಿನ ಒಬ್ಬ ಹುಡುಗಿಯ ಅಣ್ಣ ಬಂದು, ನನ್ನ ತಂಗಿ ಏನು ಓದುತ್ತಾಳೆ ನೋಡೋಣ ಎಂದ. ಸರದಿಯಲ್ಲಿದ್ದವರು ಯೋಚನೆ ಮಾಡದೆ ಪುಟ ತಿರುಗಿಸಿ ತೋರಿಸಿದರು. ಅವಳು ತೆಗೆದುಕೊಂಡದ್ದು ಬೇರೆ ಊರಿನ ನರ್ಸಿಂಗ್ ಕೋರ್ಸುಗಳ ಪ್ರವೇಶದ ಬಗ್ಗೆ ಒಂದು ಪುಸ್ತಕ. ಮನೆಯಲ್ಲಿ ಅವಳು ಇನ್ನೂ ಆ ವಿಷಯ ಬಾಯಿ ಬಿಟ್ಟಿರಲಿಲ್ಲ. ಅವಳು ಮತ್ತೆ ನಮ್ಮ ಲೈಬ್ರರಿಗೆ ಬರಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದರ ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಕಾಗದದ ನೋಟ್‌ಬುಕ್ಕಿಗೆ ಅದು ಅನ್ವಯಿಸುವುದಿಲ್ಲ. ಅದನ್ನೇ ಕಂಪ್ಯೂಟರಿಗೆ ಏರಿಸಿದರೆ ಅನ್ವಯಿಸಬಹುದು. ಹದಿನೆಂಟರ ಒಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು ಎಂದೂ ಆ ಕಾಯ್ದೆ ಹೇಳುತ್ತದೆ. ಸದಸ್ಯತ್ವಕ್ಕೆ ಪೋಷಕರ ಸಹಿ ಪಡೆಯುವುದು ಸರಿ, ಅದನ್ನು ನಾನು ಒಪ್ಪುತ್ತೇನೆ. ಆದರೆ ಸದಸ್ಯಳಾದ ಮೇಲೆ ಅವಳು ಯಾವ ಪುಸ್ತಕ ತೆಗೆದಳು ಎಂಬುದನ್ನು ಕೇಳಿದವರಿಗೆಲ್ಲ ತೋರಿಸುವ ಹಕ್ಕು ನಮಗಿರಲಿಲ್ಲ. ಕಾನೂನು ಏನು ಹೇಳುತ್ತದೆ ಎಂಬುದಕ್ಕಿಂತ ಮೊದಲು ಅದು ಅಮಾನತ್‌ನ ಪ್ರಶ್ನೆ. ಅವಳು ಪುಸ್ತಕದ ಜೊತೆ ತನ್ನ ಒಂದು ಆಸೆಯನ್ನೂ ನಮ್ಮ ಮೇಜಿನ ಮೇಲೆ ಇಟ್ಟಿದ್ದಳು. ಮುಂದೆ ನಾವು ಲೈಬ್ರರಿ ತೆರೆದರೆ ನೋಂದಣಿ ಪುಸ್ತಕ ಡ್ರಾಯರಿನೊಳಗಿರುತ್ತದೆ, ಹೆಸರಿನ ಬದಲು ಸದಸ್ಯ ಸಂಖ್ಯೆ ಇರುತ್ತದೆ, ಪುಸ್ತಕ ವಾಪಸು ಬಂದ ಕೂಡಲೇ ಆ ಸಾಲನ್ನು ಹೊಡೆದು ಹಾಕುತ್ತೇವೆ.

ಇಷ್ಟೆಲ್ಲ ಕೇಳಿದ ಟೈಲರ್ ಚಾಚಾ, "ಬೇಟಿ, ಇಷ್ಟು ಕಾನೂನು ಹೇಳಿದರೆ ಯಾರು ಸೇವೆಗೆ ಬರುತ್ತಾರೆ?" ಎಂದರು. ನ್ಯಾಯವಾದ ಮಾತು. ದಿನವಿಡೀ ಮಷಿನ್ ತುಳಿದು ಸಂಜೆ ಬಂದು ಕೂರುವವರಿಗೆ ಸೆಕ್ಷನ್ನುಗಳ ಪಟ್ಟಿ ಕೊಡುವುದು ಅನ್ಯಾಯವೇ. ಆದರೆ ಲೆಕ್ಕ ಹಾಕಿ ನೋಡಿ: ಕೊಟ್ಟವರ ಹೆಸರಿಗೆ ಒಂದು ಅಂಕಣ, ಕೋಣೆಗೆ ಒಂದು ಪುಟದ ಪತ್ರ, ಏಳು ಸಹಿಯ ಒಂದು ನೋಂದಣಿ, ಬೀಗವಿರುವ ಒಂದು ಡ್ರಾಯರು, ಹಣಕ್ಕೆ ಒಂದು ರಸೀದಿ ಪುಸ್ತಕ. ಇದನ್ನು ಮಾಡಲು ನಮ್ಮ ಕಾಮರ್ಸ್ ವಿಭಾಗದ ನಾಲ್ಕು ವಿದ್ಯಾರ್ಥಿಗಳು ಸಾಕು. ಚಾಚಾ ಎಂದಿನಂತೆ ಮಕ್ಕಳಿಗೆ ಕಥೆ ಹೇಳಲಿ.

ಇನ್ನೊಂದು ಕಡೆಯನ್ನೂ ಹೇಳದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಕಾನೂನು ಸ್ವಯಂಸೇವಕರಿಗೆ ಮಾತ್ರ ಇಲ್ಲ, ಆಡಳಿತಕ್ಕೂ ಇದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಈಗ ಅದು ರೂಪಾಯಿಗೆ 6 ಪೈಸೆ. 2,000 ರೂಪಾಯಿ ತೆರಿಗೆ ಕಟ್ಟುವ ಮನೆ ಗ್ರಂಥಾಲಯಕ್ಕೆಂದು 120 ರೂಪಾಯಿ ಕಟ್ಟುತ್ತದೆ. ಬಾಡಿಗೆ ಮನೆಯವರೂ ಬಾಡಿಗೆಯೊಳಗೆ ಅದನ್ನು ಕಟ್ಟುತ್ತಿರುತ್ತಾರೆ. ನಮ್ಮ ಮನೆಯ ರಸೀದಿ ತೆಗೆದು ನೋಡಿದೆ; ಗ್ರಂಥಾಲಯ ಕರ ಎಂಬ ಸಾಲು ಅದರಲ್ಲಿತ್ತು. ಅಬ್ಬಾ ಅದನ್ನು ಇಷ್ಟು ವರ್ಷ ಕಟ್ಟುತ್ತಲೇ ಬಂದಿದ್ದಾರೆ, ನೋಡಿರಲಿಲ್ಲ ಅಷ್ಟೇ. ಹೀಗೆ ಸಂಗ್ರಹಿಸಿದ ಹಣವನ್ನು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಇಲಾಖೆಗೆ ಪೂರ್ತಿ ಕೊಡದೆ ಬಾಕಿ ಉಳಿಸಿಕೊಂಡಿರುವ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದೂ ಅಮಾನತ್ತೇ. ಗ್ರಂಥಾಲಯದ ಹೆಸರಿನಲ್ಲಿ ಜನ ನಂಬಿ ಕೊಟ್ಟ ಹಣ ಅದು.

ಹಾಗೆಯೇ ಸೇವೆ ಎಂಬ ಪದವನ್ನು ಅಗ್ಗದ ದುಡಿಮೆಗೆ ಬಳಸುವುದೂ ತಪ್ಪು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಅಲ್ಲಿನ ಮೇಲ್ವಿಚಾರಕರು ವರ್ಷಗಟ್ಟಲೆ ಗೌರವಧನದಲ್ಲೇ ದುಡಿದು ಕನಿಷ್ಠ ವೇತನಕ್ಕಾಗಿ ಹೋರಾಟ ಮಾಡಬೇಕಾಯಿತು. ನಾನು ವಾರಕ್ಕೆ ಎರಡು ಸಂಜೆ ಬಂದು ಕೂತರೆ ಅದು ಸೇವೆ. ದಿನವೂ ನಿಗದಿತ ಹೊತ್ತಿಗೆ ಬಂದು ಬಾಗಿಲು ತೆಗೆದು ಲೆಕ್ಕ ಒಪ್ಪಿಸಬೇಕಾದವರದು ಉದ್ಯೋಗ. ಅದಕ್ಕೆ ಸಂಬಳ ಎಂದೇ ಹೆಸರು. ನಮ್ಮಂಥವರು ಪುಕ್ಕಟೆ ಕೂರುತ್ತೇವೆ ಎಂಬುದು ಯಾರ ಸಂಬಳಕ್ಕೂ ಕುತ್ತಾಗಬಾರದು.

ಈ ವಿಷಯದಲ್ಲಿ ಹದಿನೇಳರವರೂ ಮಾಡಬಹುದಾದ ಒಂದು ಕೆಲಸವಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಲು ದೇಶದ ಪ್ರಜೆಯಾಗಿದ್ದರೆ ಸಾಕು. ಶುಲ್ಕ 10 ರೂಪಾಯಿ. ಯಾಕೆ ಕೇಳುತ್ತಿದ್ದೀರಿ ಎಂದು ಕಾರಣ ಕೊಡಬೇಕಿಲ್ಲ. 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮೂರಿನಲ್ಲಿ ಕಳೆದ ವರ್ಷ ಎಷ್ಟು ಗ್ರಂಥಾಲಯ ಕರ ವಸೂಲಾಯಿತು, ಅದರಲ್ಲಿ ಎಷ್ಟು ಇಲಾಖೆಗೆ ಹೋಯಿತು ಎಂಬ ಎರಡು ಪ್ರಶ್ನೆಗಳ ಅರ್ಜಿಯನ್ನು ನಾನು ಬರೆದಿಟ್ಟಿದ್ದೇನೆ. ಪರೀಕ್ಷೆ ಮುಗಿದ ಮರುದಿನ ಕೊಡುತ್ತೇನೆ. ಜೊತೆಗೆ ಬರುವವರು ಬನ್ನಿ.

ನಮ್ಮ ಕಾಲೇಜಿನ ಹಿರಿಯರಲ್ಲಿ ನನ್ನ ಕೋರಿಕೆ ಚಿಕ್ಕದು. ಪ್ರಾಂಶುಪಾಲರು ಮತ್ತು ಆಡಳಿತ ಮಂಡಳಿ ಒಪ್ಪಿದರೆ, ಈ ಹದಿನೆಂಟು ಚೀಲಗಳನ್ನು ಮಳೆಗಾಲ ಮುಗಿಯುವವರೆಗೆ ಕಾಲೇಜಿನ ಗ್ರಂಥಾಲಯದ ಒಂದು ಮೂಲೆಯಲ್ಲಿ ಇಡಲು ಅವಕಾಶ ಕೊಡಿ. ಸುಮ್ಮನೆ ಬಾಯಿಮಾತಿನಲ್ಲಿ ಬೇಡ. ಎಷ್ಟು ಪುಸ್ತಕ, ಎಷ್ಟು ದಿನಕ್ಕೆ, ಯಾರ ಹೊಣೆಯಲ್ಲಿ ಎಂದು ಒಂದು ಪತ್ರ ಬರೆದು, ಎರಡೂ ಕಡೆ ಸಹಿ ಹಾಕಿ ಕೊಡಿ. ಅಷ್ಟರೊಳಗೆ ನಾವು ಸಂಘ ನೋಂದಾಯಿಸುತ್ತೇವೆ. ನಾನು ಈಗ ಮನೆಮನೆಗೆ ಮತ್ತೆ ಹೋಗುತ್ತಿದ್ದೇನೆ, ಹೊಸ ನೋಟ್‌ಬುಕ್ ಹಿಡಿದು. ಈ ಪುಸ್ತಕ ನೀವು ಕೊಟ್ಟದ್ದಾ, ಲೈಬ್ರರಿಗೆಂದೇ ಕೊಟ್ಟದ್ದಾ ಎಂದು ಕೇಳಿ ಬರೆಸಿಕೊಳ್ಳುತ್ತಿದ್ದೇನೆ. ಇದುವರೆಗೆ 386 ಪುಸ್ತಕಗಳ ಮುಂದೆ ಹೆಸರು ಬಂದಿದೆ. ಹಾಜಿ ಸಾಬರ ದೊಡ್ಡ ಮಗ ತಮ್ಮ ತಂದೆ ಕೊಟ್ಟಿದ್ದ 52 ಪುಸ್ತಕಗಳ ಮುಂದೆ ತಾವೇ ಸಹಿ ಹಾಕಿದರು. ಬೀರು ಸಹ ತೆಗೆದುಕೊಂಡು ಹೋಗಿ, ಆದರೆ ರಸೀದಿ ಕೊಡಿ ಎಂದು ನಕ್ಕರು.

ನನಗೆ ಹದಿನೆಂಟು ತುಂಬಲು ಇನ್ನೂ ಏಳು ತಿಂಗಳಿದೆ. ಅಲ್ಲಿಯವರೆಗೆ ಸಂಘಕ್ಕೆ ಏಳು ಜನ ದೊಡ್ಡವರ ಸಹಿ ಬೇಕು. ಮೂವರು ಅಣ್ಣಂದಿರು, ಟೈಲರ್ ಚಾಚಾ, ಅಂಗನವಾಡಿ ಟೀಚರ್ ಸೇರಿ ಐದಾಯಿತು. ಉಳಿದ ಎರಡು ಸಹಿ ನಮ್ಮ ಸ್ಟಾಫ್ ರೂಮಿನಲ್ಲಿ ಸಿಗಬಹುದು ಎಂದು ನನ್ನ ಲೆಕ್ಕ.